ಒಂಬತ್ತು ಕಡವು, ಮೂರು ಹಗಲು

ಬಂಟ್ವಾಳದ ಕೆಳಪೇಟೆಗೆ ನೇತ್ರಾವತಿ ನುಗ್ಗುವುದು ಹೊಸ ಸಂಗತಿಯೇನಲ್ಲ. ಮಳೆಗಾಲ ಬಂತೆಂದರೆ ಅಂಗಡಿಯವರು ಕೆಳಗಿನ ಸಾಮಾನನ್ನು ಮೇಲಿನ ಕಪಾಟಿಗೆ ಏರಿಸಿಬಿಡುತ್ತಾರೆ. ಆದರೆ ಆ ವರ್ಷ ಆಟಿ ತಿಂಗಳಲ್ಲಿ, ಅಂದರೆ ನಡು ಮಳೆಗಾಲದಲ್ಲಿ, ನೀರು ಅಷ್ಟು ಸಮಯವನ್ನೂ ಕೊಡಲಿಲ್ಲ. ನಾನು ಅಂಗನವಾಡಿಯ ಬೀಗ ತೆಗೆಯುವಾಗ ಪೇಟೆಯ ರಸ್ತೆಯಲ್ಲಿ ನೀರಿರಲಿಲ್ಲ. ಮಕ್ಕಳಿಗೆ ಉಪ್ಪಿಟ್ಟು ಬಡಿಸುವ ಹೊತ್ತಿಗೆ ನನ್ನ ಗೆಳತಿಯ ಫೋನ್ ಬಂತು. ಅವಳ ಟೈಲರಿಂಗ್ ಅಂಗಡಿಯೊಳಗೆ ಮೊಣಕಾಲಿನವರೆಗೆ ನೀರು.

ಮಕ್ಕಳನ್ನು ಒಬ್ಬೊಬ್ಬರಾಗಿ ಮನೆಗೆ ಸೇರಿಸಿ ನಾನು ಓಡಿದೆ. ಅವಳು ಅಂಗಡಿಯಲ್ಲಿರಲಿಲ್ಲ. ಮನೆಯ ಹಿಂದಿನ ಶೆಡ್ಡಿನಿಂದ ತನ್ನ ತಂದೆಯ ಹಳೆಯ ದೋಣಿಯನ್ನು ಎಳೆಯುತ್ತಿದ್ದಳು. ಅದರ ಮೇಲಿದ್ದ ತೆಂಗಿನ ಒಣ ಮಡಲುಗಳನ್ನೆಲ್ಲ ಅಂಗಳಕ್ಕೆ ಎಸೆದಾಗಿತ್ತು. ಆ ದಿನ ಸಂಜೆಯವರೆಗೆ ನಾವಿಬ್ಬರು ಪೇಟೆಯ ರಸ್ತೆಯಲ್ಲೇ ದೋಣಿ ನಡೆಸಿದೆವು. ಅವಳ ಹೊಲಿಗೆ ಮೆಷಿನುಗಳು, ಪಕ್ಕದ ಅಂಗಡಿಯ ಅಕ್ಕಿ ಮೂಟೆಗಳು, ಕಾಲು ಮುರಿದು ಮಲಗಿದ್ದ ಒಬ್ಬ ಅಜ್ಜಿ, ಎರಡು ಆಡು, ಎಲ್ಲವನ್ನೂ ಮೇಲಿನ ಪೇಟೆಗೆ ಸೇರಿಸಿದೆವು. ಐವತ್ತು ದಾಟಿದ ಇಬ್ಬರು ಹೆಂಗಸರು ದೋಣಿ ನಡೆಸುವ ವೀಡಿಯೊ ಯಾರೋ ತೆಗೆದರು. ಅದು ಊರೆಲ್ಲ ಓಡಾಡಿತು.

ಗೆಳತಿಯ ತಂದೆ ನಮ್ಮ ಕಡವಿನಲ್ಲಿ ದೋಣಿ ನಡೆಸುತ್ತಿದ್ದವರು. ಕಡವು ಅಂದರೆ ಜನ ದೋಣಿಯಲ್ಲಿ ಹೊಳೆ ದಾಟುವ ಜಾಗ. ಊರಿಗೆಲ್ಲ ಅವರು ಕಾಕ. ಅವಳಿಗೆ ಮಾತ್ರ ಬಾಪ. ನಾವಿಬ್ಬರೂ ಹೊಳೆಯಾಚೆಯ ಶಾಲೆಗೆ ಅವರ ದೋಣಿಯಲ್ಲೇ ಹೋಗಿ ಬಂದವರು. ಕಾಕನಿಗೆ ಬೆನ್ನುನೋವು ಬಂದ ದಿನ ಗೆಳತಿಯೇ ಹುಟ್ಟು ಹಾಕುತ್ತಿದ್ದಳು, ನಾನು ಮುಂದೆ ಕುಳಿತು ಕೈಜೋಡಿಸುತ್ತಿದ್ದೆ. ಅವಳಿಗೆ ಹದಿಮೂರಾದಾಗ, ಬೆಳೆದ ಹುಡುಗಿ ದೋಣಿ ನಡೆಸುವುದಾ ಎಂದು ಯಾರೋ ನಾಲ್ಕು ಮಂದಿ ಹೇಳಿದರು. ಕಾಕ ಅವಳನ್ನು ದೋಣಿಯಿಂದ ಇಳಿಸಿ ಒಂದು ಹೊಲಿಗೆ ಮೆಷಿನ್ ತಂದುಕೊಟ್ಟರು. ಆಮೇಲೆ ಸೇತುವೆಗಳಾದವು, ಬಸ್ಸು ಓಡಿತು, ಕಡವು ತಾನಾಗಿ ನಿಂತುಹೋಯಿತು.

ಹೀಗೆ ನಿಂತುಹೋದ ಕಡವುಗಳ ನೆನಪಿಗೆಂದು ಹೊಳೆದಂಡೆಯ ನಾಲ್ಕಾರು ಊರಿನ ಯುವಕರು ಸೇರಿ ಮೂರು ದಿನದ ದೋಣಿ ಸ್ಪರ್ಧೆ ಮಾಡಲು ಹೊರಟಿದ್ದರು. ನಮ್ಮ ವೀಡಿಯೊ ನೋಡಿ ಅವರು ಅಂಗಡಿಗೇ ಬಂದರು. ಬೆಳ್ತಂಗಡಿ ತಾಲೂಕಿನಲ್ಲಿ ಹೊರಟು ಪಾಣೆಮಂಗಳೂರಿನ ಹಳೆಯ ಸೇತುವೆಯ ಕೆಳಗೆ ಮುಗಿಸುವುದು. ಒಂದು ದೋಣಿಗೆ ಇಬ್ಬರು. ದಾರಿಯಲ್ಲಿ ಒಂಬತ್ತು ಹಳೆಯ ಕಡವುಗಳು. ಪ್ರತಿ ಕಡವಿಗೂ ದೋಣಿ ಮುಟ್ಟಿಸಬೇಕು. ಅಲ್ಲಿ ಹಿಂದೆ ದೋಣಿ ನಡೆಸುತ್ತಿದ್ದ ಮನೆಯವರೊಬ್ಬರು ದೋಣಿಯ ಮೂತಿಗೆ ಒಂದು ಬಟ್ಟೆಯ ಪಟ್ಟಿ ಕಟ್ಟುತ್ತಾರೆ. ಪಟ್ಟಿ ಇಲ್ಲದಿದ್ದರೆ ಸಮಯಕ್ಕೆ ಹತ್ತು ನಿಮಿಷ ಸೇರುತ್ತದೆ. ಬಹುಮಾನ ಮೂರೂ ದಿನದ ಸಮಯ ಕೂಡಿಸಿ, ದಾರಿಯಲ್ಲಿ ಊರವರ ಸಹಾಯ ಪಡೆಯಬಹುದು. ಇಷ್ಟೇ ನಿಯಮ.

ನಾನು ಆಗುವುದಿಲ್ಲ ಎಂದೆ. ನನ್ನ ಪ್ರಾಯ, ಮಂಡಿನೋವು, ರಜೆ ಸಿಗದಿರುವುದು, ಎಲ್ಲ ಹೇಳಿದೆ. ಗೆಳತಿ ಕತ್ತರಿ ಕೆಳಗಿಟ್ಟು ನನ್ನನ್ನೇ ನೋಡಿದಳು. ನಾವು ಮಾತಾಡುವುದು ತುಳುವಿನಲ್ಲಿ, ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ.

"ಅಕ್ಕಿ ಮೂಟೆ ಹೊತ್ತುಕೊಂಡು ಹೋಗುವಾಗ ನಿನ್ನ ಮಂಡಿ ಎಲ್ಲಿತ್ತು ಮಾರಾಯ್ತಿ? ನಾವು ಹೋಗುವ."

ಗಲ್ಫಿನಲ್ಲಿರುವ ಅವಳ ಅಣ್ಣನಿಗೆ ಸುದ್ದಿ ಮುಟ್ಟಿ ಅವನು ಕಾಕನಿಗೆ ಫೋನ್ ಮಾಡಿದ. ಈ ಪ್ರಾಯದಲ್ಲಿ ಇದೆಲ್ಲ ಬೇಕಾ, ಜನ ಏನು ಹೇಳಿಯಾರು ಎಂದು ಕೇಳಿದನಂತೆ. ಕಾಕ ಸಾವಧಾನವಾಗಿ ಎಲ್ಲ ಕೇಳಿಸಿಕೊಂಡು, ಜನ ಹೇಳುವುದನ್ನು ಒಮ್ಮೆ ಕೇಳಿ ನೋಡಿ ಆಗಿದೆ ಎಂದಷ್ಟೇ ಹೇಳಿ ಫೋನ್ ಇಟ್ಟರು.

ಮಳೆ ಇಳಿದ ಮೇಲೆ ಅಭ್ಯಾಸ ಶುರುವಾಯಿತು. ಬೆಳಿಗ್ಗೆ ಆರರಿಂದ ಏಳೂಕಾಲು, ಆಮೇಲೆ ನಾನು ಅಂಗನವಾಡಿಗೆ, ಅವಳು ಅಂಗಡಿಗೆ. ಎಂಬತ್ತು ದಾಟಿದ ಕಾಕ ದಡದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರುತ್ತಿದ್ದರು. ನಾವು ಹೊಳೆಯನ್ನು ಬಡಿಯುತ್ತಿದ್ದೇವೆ ಎಂಬುದು ಅವರ ಮೊದಲ ದೂರು. ಹುಟ್ಟಿನಿಂದ ನೀರಿಗೆ ಹೊಡೆಯಬಾರದು, ಅದನ್ನು ನೀರಿನಲ್ಲಿ ನೆಡಬೇಕು, ನೆಟ್ಟ ಮೇಲೆ ದೋಣಿಯನ್ನು ಅದರ ಹತ್ತಿರಕ್ಕೆ ಎಳೆದುಕೊಳ್ಳಬೇಕು ಎಂದರು. ನನಗೆ ಇದು ಅರ್ಥವಾಗಲು ಎರಡು ವಾರ ಹಿಡಿಯಿತು. ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಕೈಗೆ ತಿಳಿಯಿತು. ದೋಣಿ ಸದ್ದಿಲ್ಲದೆ ಜಾರಿತು. ಹಿಂದಿನಿಂದ ಗೆಳತಿ ನಕ್ಕದ್ದು ಕೇಳಿಸಿತು.

ರಜೆ ಅರ್ಜಿಯಲ್ಲಿ ಕಾರಣ ಏನೆಂದು ಬರೆಯುವುದು? ತುಂಬ ಯೋಚಿಸಿ 'ದೋಣಿ ಸ್ಪರ್ಧೆ' ಎಂದೇ ಬರೆದೆ. ಮೇಲ್ವಿಚಾರಕಿ ಎರಡು ಸಲ ಓದಿ ಸಹಿ ಹಾಕಿದರು.

ಹೊರಡುವ ಹಿಂದಿನ ಸಂಜೆ ಗೆಳತಿ ನಮ್ಮಿಬ್ಬರಿಗೂ ದಪ್ಪ ಬಟ್ಟೆಯ ಸಡಿಲ ಪ್ಯಾಂಟು ಹೊಲಿದು ತಂದಳು. ಉಳಿದ ಚೂರುಗಳಲ್ಲಿ ಅಂಗೈಗೆ ಕಟ್ಟಿಕೊಳ್ಳುವ ಮೆತ್ತೆಯನ್ನೂ ಮಾಡಿದ್ದಳು. ಬೆಳಿಗ್ಗೆ ನನ್ನ ಗಂಡ ತಮ್ಮ ಸರಕಿನ ಟೆಂಪೊಗೆ ದೋಣಿಯನ್ನು ಹಗ್ಗದಲ್ಲಿ ಬಿಗಿದು ಬೆಳ್ತಂಗಡಿ ಕಡೆಗೆ ಹೊರಟರು. ದಾರಿಯುದ್ದಕ್ಕೂ ಅವರು ನಮಗಿಂತ ಹೆಚ್ಚು ಹೆದರಿದ್ದರು.

ಹೊರಡುವ ಜಾಗದಲ್ಲಿ ಹದಿನಾಲ್ಕು ದೋಣಿಗಳಿದ್ದವು. ಉಜಿರೆಯ ಹಾಸ್ಟೆಲ್ ಹುಡುಗರು ಬಣ್ಣಬಣ್ಣದ ಫೈಬರ್ ದೋಣಿ ತಂದಿದ್ದರು. ಎಲ್ಲರಿಗಿಂತ ಎದ್ದು ಕಾಣುತ್ತಿದ್ದದ್ದು ಮೂಡುಬಿದಿರೆಯಿಂದ ಕೆಂಪು ದೋಣಿ ತಂದ ಇಬ್ಬರು ಯುವಕರು. ದೈಹಿಕ ಶಿಕ್ಷಣ ಕಲಿಯುವವರು, ತೋಳು ನೋಡಿದರೇ ಗೊತ್ತಾಗುತ್ತಿತ್ತು. ಅವರು ನಮ್ಮ ಕಪ್ಪು ಮರದ ದೋಣಿಯನ್ನು ಮುಟ್ಟಿ ನೋಡಿದರು. ಅವರಲ್ಲಿ ಎತ್ತರದವನು ತುಂಬ ಮರ್ಯಾದೆಯಿಂದಲೇ ಹೇಳಿದ.

"ಆಂಟಿ, ನೀವು ನಿಧಾನ ಬನ್ನಿ. ಏನಾದ್ರೂ ಆದ್ರೆ ನಾವು ಉಂಟು."

ಅವನ ಮಾತಿನಲ್ಲಿ ಕುಹಕವಿರಲಿಲ್ಲ. ಅದಕ್ಕೇ ನನಗೆ ಹೆಚ್ಚು ಚುಚ್ಚಿತು.

ಮೊದಲ ದಿನ ಅವನು ಹೇಳಿದ ಹಾಗೆಯೇ ಆಯಿತು. ಬೆಳ್ತಂಗಡಿ ಕಡೆಯ ಹೊಳೆ ನಮ್ಮ ಹೊಳೆಯಲ್ಲ. ಅಲ್ಲಿ ನೇತ್ರಾವತಿ ಇನ್ನೂ ಸಣ್ಣವಳು, ಬಂಡೆಗಳ ನಡುವೆ ಮುನಿದುಕೊಂಡು ಓಡುತ್ತಾಳೆ. ಫೈಬರ್ ದೋಣಿಗಳು ಬಂಡೆಗೆ ತಾಗಿ ಪುಟಿದು ಮುಂದೆ ಹೋದವು. ನಮ್ಮದು ತಾಗಿದರೆ ಅಲ್ಲೇ ಕೂತಿತು. ಸೊಂಟದ ನೀರಿಗೆ ಇಳಿದು ನೂಕುವುದು, ಹತ್ತುವುದು, ಮತ್ತೆ ಇಳಿಯುವುದು. ಎರಡನೆಯ ಕಡವಿನ ನಂತರ ಒಂದು ಬಂಡೆ ಬದಿಗೆ ಬಡಿದು ಹಲಗೆಯ ಸಂದು ಬಿಟ್ಟುಕೊಂಡಿತು. ಉಳಿದ ದಾರಿಯಲ್ಲಿ ನಾನು ಅರ್ಧ ಹೊತ್ತು ಹುಟ್ಟು ಹಾಕಿದೆ, ಅರ್ಧ ಹೊತ್ತು ತಪಲೆಯಲ್ಲಿ ನೀರು ಹೊರಚೆಲ್ಲಿದೆ. ಉಪ್ಪಿನಂಗಡಿಯಲ್ಲಿ ಎರಡು ಹೊಳೆಗಳು ಸೇರುವಲ್ಲಿಗೆ ತಲುಪಿದಾಗ ಉಳಿದವರೆಲ್ಲ ಬಟ್ಟೆ ಬದಲಿಸಿ ಚಹಾ ಕುಡಿಯುತ್ತಿದ್ದರು. ನಾವು ಹದಿಮೂರನೆಯವರು. ಹದಿನಾಲ್ಕನೆಯ ದೋಣಿ ಬೆಳಿಗ್ಗೆಯೇ ಬಿಟ್ಟುಕೊಟ್ಟಿತ್ತು.

ದಡದ ಮೇಲೆ ಕುಳಿತು ನಾನು ಅತ್ತೆ. ನಾಳೆ ಮನೆಗೆ ಹೋಗುವ ಎಂದೆ. ಗೆಳತಿ ಆಗಲೇ ಯಾರಿಗೋ ಫೋನ್ ಮಾಡುತ್ತಿದ್ದಳು. ಒಂದು ಗಂಟೆಯೊಳಗೆ ನನ್ನ ಗಂಡನ ಟೆಂಪೊ ಬಂತು. ಮುಂದಿನ ಸೀಟಿನಿಂದ ಕಾಕ ಇಳಿದರು. ಕೈಯಲ್ಲಿ ಹತ್ತಿಯ ಉಂಡೆ, ಒಂದು ಉಳಿ ಮತ್ತು ಒಂದು ಡಬ್ಬಿ ಗೇರೆಣ್ಣೆ. ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಆ ಕಪ್ಪು ಎಣ್ಣೆ ಕೈಗೆ ತಾಗಿದರೆ ಚರ್ಮ ಸುಡುತ್ತದೆ, ಮರಕ್ಕೆ ಹಚ್ಚಿದರೆ ನೀರು ಒಳಗೆ ಸುಳಿಯುವುದಿಲ್ಲ. ಅವರು ದೋಣಿಯನ್ನು ಮಗುಚಿಸಿ, ಸಂದಿಯಲ್ಲಿ ಬೆರಳಾಡಿಸಿ, ಹತ್ತಿಯನ್ನು ಎಣ್ಣೆಯಲ್ಲಿ ಅದ್ದಿ ಉಳಿಯ ತುದಿಯಿಂದ ತುರುಕತೊಡಗಿದರು. ಗೆಳತಿ ಮೊಬೈಲಿನ ಬೆಳಕು ಹಿಡಿದಿದ್ದಳು. ಕೆಲಸ ಮುಗಿಯುವವರೆಗೆ ಅವರು ತಲೆಯೆತ್ತಲಿಲ್ಲ. ಕೊನೆಗೆ ಕೈ ಒರೆಸಿಕೊಳ್ಳುತ್ತ, ನನ್ನನ್ನು ನೋಡದೆ, ಅವಳನ್ನೂ ನೋಡದೆ ಹೇಳಿದರು.

"ಆಗ ನಿನ್ನನ್ನು ದೋಣಿಯಿಂದ ಇಳಿಸಬಾರದಿತ್ತು. ಅದು ನನ್ನ ತಪ್ಪು."

ಗೆಳತಿ ಮೊಬೈಲಿನ ಬೆಳಕನ್ನು ಸಂದಿನ ಮೇಲೆ ಇನ್ನೊಮ್ಮೆ ಆಡಿಸಿದಳು. ಆಮೇಲೆ, "ಆಯ್ತು ಬಾಪ, ನಾಳೆ ಬೆಳಿಗ್ಗೆ ಎಣ್ಣೆ ಒಣಗಿರ್ತದಾ?" ಎಂದು ಕೇಳಿದಳು. ಮನೆಗೆ ಹೋಗುವ ಮಾತನ್ನು ನಾನು ಮತ್ತೆ ಎತ್ತಲಿಲ್ಲ.

ಎರಡನೆಯ ದಿನ ಹೊಳೆ ಅಗಲವಾಯಿತು, ಆಳವಾಯಿತು, ನಮ್ಮ ಪರಿಚಯದ್ದಾಯಿತು. ಕುಮಾರಧಾರೆಯ ನೀರೂ ಸೇರಿ ಮಂದವಾದ ಒಂದೇ ಸೆಳೆತ. ಇಲ್ಲಿ ನಮ್ಮ ಭಾರದ ದೋಣಿಯೇ ನಮಗೆ ಅನುಕೂಲವಾಯಿತು. ಫೈಬರ್ ದೋಣಿಗಳು ಗಾಳಿಗೆ ಅಡ್ಡ ತಿರುಗುತ್ತಿದ್ದರೆ ನಮ್ಮದು ಎಮ್ಮೆಯ ಹಾಗೆ ನೇರ ಹೋಗುತ್ತಿತ್ತು. ಗೆಳತಿ ಹಿಂದಿನಿಂದ ಎಣಿಸುತ್ತಿದ್ದಳು, ನಾನು ನೆಟ್ಟು ಎಳೆಯುತ್ತಿದ್ದೆ. ಮಧ್ಯಾಹ್ನದೊಳಗೆ ಆರು ದೋಣಿ ದಾಟಿದೆವು. ಐದನೆಯ ಕಡವಿನಲ್ಲಿ ಪಟ್ಟಿ ಕಟ್ಟಲು ನಿಂತಿದ್ದ ಮುದುಕಿ ನಮ್ಮ ಮುಖ ನೋಡಿ, ಇದು ಹೆಂಗಸರ ದೋಣಿಯಾ ಎಂದು ಕೇಳಿ, ಪಟ್ಟಿ ಕಟ್ಟಿದ ಮೇಲೆ ದೋಣಿಯ ಮೂತಿಯನ್ನೊಮ್ಮೆ ಹಸುವಿನ ಹಣೆಯಂತೆ ಸವರಿದರು.

ಸಂಜೆಗೆ ಎದುರಾದದ್ದು ಅಣೆಕಟ್ಟು. ದೋಣಿಯನ್ನು ಮೇಲೆತ್ತಿ, ರಸ್ತೆಯಲ್ಲಿ ಹೊತ್ತು, ಕೆಳಗಿನ ನೀರಿಗೆ ಇಳಿಸಬೇಕು. ಫೈಬರ್ ದೋಣಿಯವರು ಇಬ್ಬರೇ ತಲೆಯ ಮೇಲಿಟ್ಟುಕೊಂಡು ಓಡಿದರು. ನೀರು ಕುಡಿದ ನಮ್ಮ ಮರದ ದೋಣಿಯನ್ನು ಎತ್ತಲು ನೋಡಿದರೆ ಒಂದು ತುದಿಯೂ ಮೇಲೇಳಲಿಲ್ಲ. ಊರವರ ಸಹಾಯ ಪಡೆಯಬಹುದೆಂದು ನಿಯಮದಲ್ಲಿತ್ತು. ಆದರೆ ಗಂಡಸರೆಲ್ಲ ಮುಂದಿನ ದೋಣಿಗಳ ಹಿಂದೆ ಬೊಬ್ಬೆ ಹೊಡೆಯುತ್ತ ಹೋಗಿದ್ದರು. ನನ್ನ ಗಂಡನ ಟೆಂಪೊ ಜನರ ನಡುವೆ ಎಲ್ಲೋ ಸಿಕ್ಕಿಕೊಂಡಿತ್ತು.

ರಸ್ತೆಬದಿಯ ಮನೆಯ ಜಗಲಿಯಲ್ಲಿ ನಾಲ್ಕೈದು ಹೆಂಗಸರು ಬೀಡಿ ಕಟ್ಟುತ್ತ ಕುಳಿತಿದ್ದರು. ನಮ್ಮ ಪಾಡನ್ನು ಅವರು ನೋಡಿದರು. ಅವರಲ್ಲಿ ಹಿರಿಯಳು ತೊಡೆಯ ಮೇಲಿನ ಬೀಡಿ ಎಲೆಯ ಗೆರಸೆಯನ್ನು ಕೆಳಗಿಟ್ಟು, ಸೆರಗಿಗೆ ಅಂಟಿದ ಹೊಗೆಸೊಪ್ಪಿನ ಪುಡಿ ಕೊಡವಿ ಎದ್ದಳು. ಮಿಕ್ಕವರೂ ಎದ್ದರು. ಪಕ್ಕದ ಮನೆಯಿಂದ ಇನ್ನಿಬ್ಬರನ್ನು ಕರೆದರು. ನಾವೂ ಸೇರಿ ಎಂಟು ಹೆಂಗಸರ ಹೆಗಲ ಮೇಲೆ ನಮ್ಮ ದೋಣಿ ರಸ್ತೆಯಲ್ಲಿ ಸಾಗಿತು. ಒಬ್ಬಳು, ತನ್ನ ಮದುವೆಯ ದಿಬ್ಬಣ ಈ ಹೊಳೆಯನ್ನು ದೋಣಿಯಲ್ಲೇ ದಾಟಿತ್ತು ಎಂದು ಏದುಸಿರು ಬಿಡುತ್ತಲೇ ಹೇಳುತ್ತಿದ್ದಳು. ಇನ್ನೊಬ್ಬಳು, ಮಾತು ಸಾಕು, ಇಳಿಜಾರು ಉಂಟು ನೋಡು ಎಂದು ಗದರುತ್ತಿದ್ದಳು. ಎದುರಿನಿಂದ ಬಂದ ಬಸ್ಸು ನಿಂತು ನಮಗೆ ದಾರಿ ಕೊಟ್ಟಿತು, ಕಿಟಕಿಗಳಿಂದ ತಲೆಗಳು ಹೊರಬಂದವು. ನಡುವೆ ದಣಿದು ದೋಣಿ ಇಳಿಸಿ ಕುಳಿತಿದ್ದ ಮೂರು ಜೋಡಿಗಳನ್ನು ನಾವು ರಸ್ತೆಯ ಮೇಲೆಯೇ ಹಿಂದೆ ಹಾಕಿದೆವು. ಆ ಸಂಜೆ ನಾವು ನಾಲ್ಕನೆಯವರು. ನನ್ನ ಜೀವಮಾನದಲ್ಲಿ ನನ್ನನ್ನು ಯಾರೂ ಹೆಗಲ ಮೇಲೆ ಹೊತ್ತಿರಲಿಲ್ಲ. ಹೊತ್ತದ್ದು ದೋಣಿಯನ್ನೇ ಆದರೂ ನನಗೆ ಹಾಗೇ ಅನಿಸಿತು.

ಮೂರನೆಯ ದಿನ ಮೈಯೆಲ್ಲ ಕೊರಡಾಗಿತ್ತು. ಜಡೆ ಹಾಕಲು ಕೈ ಮೇಲೇಳದೆ ಗೆಳತಿಯೇ ನನಗೆ ಜಡೆ ಹಾಕಿದಳು. ಆದರೆ ನೀರಿಗಿಳಿದ ಮೇಲೆ ನೋವು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಆರನೆಯ ಕಡವು, ಏಳನೆಯ ಕಡವು. ಉಜಿರೆಯವರ ಎರಡು ದೋಣಿಗಳನ್ನು ದಾಟಿದೆವು. ಮುಂದೆ ಇದ್ದದ್ದು ಮೂಡುಬಿದಿರೆಯವರು ಮಾತ್ರ, ದೂರದಲ್ಲಿ ಒಂದು ಕೆಂಪು ಚುಕ್ಕೆ.

ಎಂಟನೆಯದು ನಮ್ಮದೇ ಕಡವು. ತಿರುವು ಕಳೆದದ್ದೇ ಬಂಟ್ವಾಳ ಕಂಡಿತು. ದಡದ ಮೇಲೆ ಕೆಳಪೇಟೆ ಪೂರ್ತಿ ನಿಂತಿತ್ತು. ಅಂಗಡಿಯವರು, ಮಸೀದಿಯಿಂದ ಬಂದವರು, ಬಸದಿಯ ಕಡೆಯವರು, ನನ್ನ ಅಂಗನವಾಡಿಯ ಮಕ್ಕಳು ತಾಯಂದಿರ ಸೊಂಟದ ಮೇಲೆ. 'ಟೀಚರ್' ಎಂದು ಅವು ಕೂಗುವುದು ನೀರಿನ ಮೇಲೆ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಪಟ್ಟಿ ಕಟ್ಟಲು ಕಾಕ ಮೊಣಕಾಲಿನ ನೀರಿನಲ್ಲಿ ನಿಂತಿದ್ದರು. ಒದ್ದೆ ಪಟ್ಟಿ ಜಾರಿ ಗಂಟು ಬೀಳಲು ತಡವಾಯಿತು. ನಾನು ಅವಸರಪಡುತ್ತಿದ್ದೆ. ಅವರು ಗಂಟು ಬಿಗಿದು, ಕೆಳಗಿನ ಹೊಳೆಯ ಕಡೆಗೆ ಗಲ್ಲ ತೋರಿಸಿ, ನಡುಹೊಳೆ ಬೇಡ, ಎಡದಂಡೆ ಹಿಡಿಯಿರಿ ಎಂದರು.

ಏಕೆಂದು ಸ್ವಲ್ಪ ಹೊತ್ತಿನಲ್ಲೇ ಗೊತ್ತಾಯಿತು. ಆ ವರ್ಷದ ನೆರೆಗೆ ನಡುಹೊಳೆಯಲ್ಲಿ ಹೊಯಿಗೆಯ, ಅಂದರೆ ಮರಳಿನ, ದಿಣ್ಣೆಯೊಂದು ಹೊಸದಾಗಿ ಬಿದ್ದಿತ್ತು. ಮೇಲಿನಿಂದ ಕಾಣಿಸುವುದಿಲ್ಲ, ಒಂದು ಗೇಣು ನೀರಿನ ಅಡಿಯಲ್ಲಿ ಮಲಗಿತ್ತು. ಮೂಡುಬಿದಿರೆಯವರ ಕೆಂಪು ದೋಣಿ ಅದರ ಮೇಲೆ ಹೋಗಿ ಕೂತಿತ್ತು. ಎತ್ತರದವನು ಇಳಿದು ನೂಕಲೆಂದು ಒಂದು ಕಾಲು ಹೊರಗೆ ಹಾಕುತ್ತಿದ್ದ. ಆ ಬದಿಯಲ್ಲಿ ಹಿಂದೊಮ್ಮೆ ಹೊಯಿಗೆ ತೆಗೆದ ಗುಂಡಿ ಇರುವುದು ನಮಗೆ ಗೊತ್ತಿತ್ತು. ದಿಣ್ಣೆಯ ಅಂಚಿನಲ್ಲೇ ಎರಡಾಳು ಆಳ, ಅಂಚು ಕಾಲಿಟ್ಟರೆ ಕುಸಿಯುತ್ತದೆ.

"ಇಳಿಯಬೇಡ! ಅಲ್ಲಿ ಗುಂಡಿ ಉಂಟು!" ಗೆಳತಿ ಕೂಗಿದಳು. ಅವಳು ಅಷ್ಟು ಗಟ್ಟಿಯಾಗಿ ಕೂಗಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಅವನು ಕಾಲನ್ನು ಒಳಗೆಳೆದುಕೊಂಡ. ನಾವು ದಾಟಿ ಹೋಗಬಹುದಿತ್ತು. ಎಡದಂಡೆಯ ಸೆಳೆತ ಆಗಲೇ ನಮ್ಮನ್ನು ಒಯ್ಯುತ್ತಿತ್ತು, ಸೇತುವೆ ಕಾಣುತ್ತಿತ್ತು. ನಾನು ತಿರುಗಿ ಗೆಳತಿಯನ್ನು ನೋಡಿದೆ. ಅವಳ ಮುಖದಲ್ಲಿ ಸಿಟ್ಟಿತ್ತು, ಯಾರ ಮೇಲೆಂದು ಹೇಳಲಾರೆ. ಒಂದು ಕ್ಷಣ ಇಬ್ಬರೂ ಹುಟ್ಟು ಹಾಕುವುದನ್ನು ನಿಲ್ಲಿಸಿದೆವು. ಆಮೇಲೆ ಅವಳು ದೋಣಿಯನ್ನು ಅಡ್ಡ ತಿರುಗಿಸಿದಳು, ನಾನು ಹಗ್ಗ ಬಿಚ್ಚಿ ಎಸೆದೆ. ಅದು ಎರಡನೆಯ ಸಲಕ್ಕೆ ಅವರ ಕೈಗೆ ಸಿಕ್ಕಿತು. ನಾವಿಬ್ಬರೂ ಎದುರುನೀರಿಗೆ ಎಳೆದೆವು. ದೋಣಿಗಿಂತ ನಮ್ಮ ಬೆನ್ನೇ ಮೊದಲು ಮುರಿಯುತ್ತದೆ ಎಂದು ನಾನು ಎಣಿಸಿದೆ. ಕೊನೆಗೆ ಕೆಂಪು ದೋಣಿ ಅಲುಗಾಡಿ, ಜಾರಿ, ನೀರಿಗೆ ಬಂತು.

ಎತ್ತರದವನು ಹಗ್ಗ ಬಿಟ್ಟು ನಮ್ಮನ್ನೇ ನೋಡಿದ. "ನೀವು ಮುಂದೆ ಹೋಗಿ ಆಂಟಿ. ನಾವು ಆಮೇಲೆ ಬರ್ತೇವೆ."

ಗೆಳತಿಯ ಸಿಟ್ಟು ಹೊರಬಂದದ್ದು ಆಗ. "ಹಾಗೆ ಬಿಟ್ಟುಕೊಡೋದು ಬೇಡ. ಕೈಯಲ್ಲಿ ಶಕ್ತಿ ಇದ್ರೆ ಹುಟ್ಟು ಹಾಕು. ನಾವೂ ಹಾಕ್ತೇವೆ."

ಹಾಗೆ ಎರಡು ದೋಣಿಗಳೂ ಒಂದೇ ಸಾಲಿನಿಂದ ಹೊರಟವು. ಆಮೇಲಿನದು ನನಗೆ ತುಂಡು ತುಂಡಾಗಿ ಮಾತ್ರ ನೆನಪಿದೆ. ಪಕ್ಕದಲ್ಲಿ ಅವರ ಉಸಿರಿನ ಸದ್ದು. ಹಿಂದೆ ಗೆಳತಿಯ ಎಣಿಕೆ, ಅದು ಯಾವಾಗಲೋ ತುಳು ಬಿಟ್ಟು ಅವಳ ಮನೆಮಾತು ಬ್ಯಾರಿಗೆ ಹೋಗಿತ್ತು. ಹಳೆಯ ಸೇತುವೆಯ ಮೇಲೆ ಜನ, ತಲೆಯ ಮೇಲೆ ತಲೆ. ಮೂಡುಬಿದಿರೆಯವರು ಅರ್ಧ ದೋಣಿ ಮುಂದೆ ಹೋದರು. ಅವರು ಕಂಬದ ಪಕ್ಕದಿಂದ ನುಗ್ಗಿದರು. ಕಂಬದ ಹಿಂದೆ ನೀರು ಸುತ್ತಿಕೊಂಡು ನಿಂತುಬಿಡುತ್ತದೆ, ಎರಡು ಕಂಬಗಳ ನಟ್ಟನಡುವೆ ಓಡುತ್ತದೆ. ಗೆಳತಿ ನಮ್ಮನ್ನು ಆ ನಡುವಿಗೇ ಹಾಕಿದಳು. ಸೇತುವೆಯ ತಣ್ಣಗಿನ ನೆರಳು ಬೆನ್ನ ಮೇಲೆ ಬಿತ್ತು, ಮರುಗಳಿಗೆಯಲ್ಲಿ ಬಿಸಿಲು. ಬಿಸಿಲಿಗೆ ಬಂದಾಗ ನಮ್ಮ ಪಕ್ಕದಲ್ಲಿ ಯಾರೂ ಇರಲಿಲ್ಲ.

ಓಟ ಮುಗಿಯುವ ಒಂಬತ್ತನೆಯ ಕಡವಿನ ಹೊಯಿಗೆಗೆ ದೋಣಿ ತಾಗಿದ ಸದ್ದು ಮಾತ್ರ ಚೆನ್ನಾಗಿ ನೆನಪಿದೆ. ನಾನು ಎದ್ದು ನಿಲ್ಲಲು ಹೋಗಿ ನೀರಿಗೆ ಬಿದ್ದೆ. ಗೆಳತಿ ನನ್ನನ್ನು ಎತ್ತಲು ಬಂದು ತಾನೂ ಬಿದ್ದಳು. ಇಬ್ಬರೂ ನೀರಿನಲ್ಲೇ ಕುಳಿತು, ಊರೆಲ್ಲ ನೋಡುತ್ತಿದೆ ಎಂಬುದನ್ನೂ ಮರೆತು ನಕ್ಕೆವು. ನನ್ನ ಗಂಡ ಪ್ಯಾಂಟು ಮಡಚದೆ ನೀರಿಗಿಳಿದು ಬಂದು, ಚಹಾ ಕುಡೀತೀರಾ ಎಂದು ಕೇಳಿದರು.

ಮೂರು ದಿನದ ಸಮಯ ಕೂಡಿಸಿದಾಗ ನಮಗೆ ಮೂರನೆಯ ಸ್ಥಾನ ಬಂತು. ಮೊದಲ ದಿನದ ಬಂಡೆಗಳು ಅಷ್ಟು ಹಿಂದೆ ಹಾಕಿದ್ದವು. ಮೊದಲ ಬಹುಮಾನ ಮೂಡುಬಿದಿರೆಗೇ ಹೋಯಿತು, ಅದು ನ್ಯಾಯವೇ. ಆದರೆ ಎತ್ತರದವನು ಮೈಕು ತೆಗೆದುಕೊಂಡು, ತಾನು ಇಲ್ಲಿ ನಿಂತು ಮಾತಾಡುತ್ತಿರುವುದೇ ಆ ಇಬ್ಬರು ಅಕ್ಕಂದಿರು ಕೂಗಿದ್ದರಿಂದ ಎಂದ. ಆಂಟಿಯಿಂದ ಅಕ್ಕನಿಗೆ ಬಡ್ತಿಯಾಯಿತಲ್ಲ ಎಂದು ಗೆಳತಿ ನನ್ನ ಕಿವಿಯಲ್ಲಿ ಹೇಳಿದಳು. ಆ ದಿನದ ಓಟವನ್ನು ಗೆದ್ದವರು ಯಾರೆಂದು ಮೈಕಿನಲ್ಲಿ ಹೇಳಿದಾಗ ಸೇತುವೆಯ ಮೇಲಿನವರು ಹಾಕಿದ ಬೊಬ್ಬೆಗೆ ಮರದ ಕಾಗೆಗಳೆಲ್ಲ ಎದ್ದವು.

ಟೆಂಪೊ ತಯಾರಾಗಿ ನಿಂತಿತ್ತು. ದೋಣಿಯನ್ನು ಹತ್ತಿಸಲು ನಾಲ್ಕು ಮಂದಿ ಬಂದರು. ಗೆಳತಿ ಬೇಡ ಎಂದಳು. ನಾನೂ ಬೇಡ ಎಂದೆ. ಹೊತ್ತು ಇನ್ನೂ ಇತ್ತು, ಹೊಳೆಯ ಮೇಲೆ ಹಳದಿ ಬಿಸಿಲು ಬಿದ್ದಿತ್ತು. ನಾವು ಪುನಃ ದೋಣಿ ಹತ್ತಿ, ಎದುರುನೀರಿಗೆ, ಬಂಟ್ವಾಳದ ಕಡೆಗೆ ಹುಟ್ಟು ಹಾಕತೊಡಗಿದೆವು. ಯಾರೂ ಸಮಯ ನೋಡುತ್ತಿರಲಿಲ್ಲ. ದಡದ ತೋಟದಲ್ಲಿ ಹುಲ್ಲು ಕೊಯ್ಯುತ್ತಿದ್ದ ಹೆಂಗಸೊಬ್ಬಳು ಕತ್ತಿ ಹಿಡಿದ ಕೈಯನ್ನೇ ಎತ್ತಿ, ಗೆದ್ದದ್ದು ಯಾರು ಎಂದು ಕೂಗಿ ಕೇಳಿದಳು.

"ನಾವು" ಎಂದೆವು ಇಬ್ಬರೂ ಒಟ್ಟಿಗೆ.